ನೀಲಿ ತಿರುಗಿದ ಬೇರಿಂಗು

ನಮ್ಮ ಮನೆಯಲ್ಲಿ ಎತ್ತುಗಳು ಹೊರಗೆ ಮಲಗುತ್ತಿದ್ದವು, ಇಂಜಿನ್ನು ಒಳಗೆ ಮಲಗುತ್ತಿತ್ತು. ನಾನು ಹುಟ್ಟಿ ಬೆಳೆದ ಮನೆ ಹೇಗಿತ್ತೆಂದು ಯಾರಾದರೂ ಕೇಳಿದರೆ ಮೊದಲು ಬಾಯಿಗೆ ಬರುವುದು ಇದೇ ಮಾತು. ಹೂವಿನ ಹಿಪ್ಪರಗಿಯಿಂದ ತುಸು ದೂರದ ನಮ್ಮ ಊರಿನಲ್ಲಿ ಎಲ್ಲರದರಂತೆ ನಮ್ಮದೂ ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಒಂದು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರ ಜಗಲಿ. ಅಪ್ಪ ಆಲಮಟ್ಟಿಯ ಕಡೆ ನಡೆದ ಒಂದು ಹರಾಜಿನಲ್ಲಿ ನಾಲ್ಕೂ ಗಾಲಿಗೆ ಬಲ ಹೋಗುವಂಥ ಹಳೆಯ ಪಿಕಪ್ ಗಾಡಿಯೊಂದನ್ನು ಹಿಡಿದು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಗಾಡಿಯ ಮೈ ಅಂಗಳದಲ್ಲಿ ಕಲ್ಲುಗಳ ಮೇಲೆ ಕೂತಿತು. ಇಂಜಿನ್ನಿಗೆ ಧೂಳು ತಾಗಬಾರದು, ಮಳೆ ತಾಗಬಾರದು ಎಂದು ಅದನ್ನು ದನದ ಜಾಗಕ್ಕೆ ತಂದರು. ಎತ್ತುಗಳಿಗೆ ಮಳೆ ತಾಗಿದರೆ ನಡೆಯುತ್ತಿತ್ತು. ಅವು ಬೇವಿನ ಗಿಡದ ಕೆಳಗೆ ಹೋದವು. ಪಡಸಾಲೆಯ ತೊಲೆಗೆ ಸರಪಳಿ ಹಾಕಿ ಅಪ್ಪ ಇಂಜಿನ್ನನ್ನು ಮೇಲೆತ್ತಿದಾಗಲೆಲ್ಲ ಮಾಳಿಗೆಯ ಮಣ್ಣು ಉದುರಿ ನಮ್ಮ ತಾಟಿನೊಳಗೆ ಬೀಳುತ್ತಿತ್ತು. ಅದನ್ನು ಬೆರಳಿನಿಂದ ಬದಿಗೆ ಸರಿಸಿ ನಾವು ರೊಟ್ಟಿ ತಿನ್ನುತ್ತಿದ್ದೆವು. ಡೀಸೆಲ್ ವಾಸನೆ ಇಲ್ಲದ ರೊಟ್ಟಿ ಹೇಗಿರುತ್ತದೆ ಎನ್ನುವುದನ್ನು ನಾನೂ ನನ್ನ ತಮ್ಮ ಸಿದ್ದುವೂ ಎರಡು ವರ್ಷ ಮರೆತೇ ಬಿಟ್ಟಿದ್ದೆವು.

ಅಪ್ಪನಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತೆಂದರೆ, ಕಾಲುವೆ ಕೆಲಸ ಜೋರಾಗಿ ನಡೆಯುವಾಗ ಅವನು ಒಬ್ಬ ಗುತ್ತಿಗೆದಾರನ ಹತ್ತಿರ ಕೆಲ ದಿನ ಇಂಥದೇ ಗಾಡಿ ಓಡಿಸಿದ್ದ. ಮಣ್ಣು, ಕಲ್ಲು, ಕೆಸರು ಯಾವುದನ್ನೂ ಲೆಕ್ಕಿಸದೆ ಹತ್ತುವ ಗಾಡಿಯ ರುಚಿ ಒಮ್ಮೆ ಹತ್ತಿದ ಮೇಲೆ ಎತ್ತಿನ ಬಾಲ ಹಿಡಿದು ನಡೆಯುವುದು ಅವನಿಗೆ ಬೇಸರವಾಯಿತು. ಆದರೆ ಮನೆಯಲ್ಲಿ ಹಾಗೆ ಹೇಳಲಿಕ್ಕೆ ಆಗುತ್ತದೆಯೇ? ಅದಕ್ಕೆ ಅವನು ಅವ್ವನ ಹೆಸರು ಮುಂದೆ ಮಾಡಿದ. ಅವ್ವನ ತವರು ಡೋಣಿ ಹೊಳೆಯ ಆಚೆ, ಯರೆ ನೆಲದ ನಟ್ಟನಡುವೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಆ ಕರಿ ಮಣ್ಣು ಎರಡು ಮಳೆ ಬಿದ್ದರೆ ಕಾಲಿನ ಚಪ್ಪಲಿಯನ್ನೇ ನುಂಗುತ್ತಿತ್ತು. ಬಸ್ಸಿಲ್ಲ, ಚಕ್ಕಡಿ ಇಲ್ಲ, ಸೈಕಲ್ಲನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ದೀಪಾವಳಿಗೆ ಹೋಗಬಹುದು, ಎಳ್ಳಮಾವಾಸ್ಯೆಗೆ ಹೋಗಬಹುದು. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ ಪಂಚಮಿ, ಅದು ಬರುವುದೇ ಶ್ರಾವಣದ ಮಳೆಯಲ್ಲಿ. ಊರಿನ ಎಲ್ಲ ಸೊಸೆಯಂದಿರನ್ನೂ ಅವರವರ ಅಣ್ಣತಮ್ಮಂದಿರು ಬಂದು ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಸೋದರಮಾವ ಡೋಣಿಯ ದಂಡೆಯ ತನಕ ಬಂದು, ದಾರಿ ಕಾಣದೆ, ಈಚೆಯ ಯಾರ ಕೈಯಲ್ಲೋ ಹೇಳಿ ಕಳಿಸಿ ತಿರುಗಿ ಹೋಗುತ್ತಿದ್ದ. ಮದುವೆಯಾಗಿ ಬಂದ ಮೇಲೆ ಅವ್ವ ಒಂದು ಪಂಚಮಿಯನ್ನೂ ತವರಿನಲ್ಲಿ ಕಂಡಿರಲಿಲ್ಲ. ಬೇರೆಯವರ ಮಕ್ಕಳಿಗೆ ಜೋಕಾಲಿ ಕಟ್ಟಿಕೊಟ್ಟು, ತಾನು ಒಮ್ಮೆಯೂ ಕೂಡದೆ ಒಳಗೆ ಬರುತ್ತಿದ್ದಳು. ಗಾಡಿ ತಂದ ದಿನ ಅಪ್ಪ ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಶಾಂತಾ, ಬರೂ ಪಂಚಮಿಗಿ ನಿನ್ನ ತವರಮನಿ ಬಾಗಲದಾಗ ಈ ಗಾಡಿ ನಿಂದರಸಲಿಲ್ಲಂದ್ರ ನನ್ನ ಹೆಸರು ಮಲ್ಲಪ್ಪ ಅಲ್ಲ ನೋಡು."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಗೆ ಮೆತ್ತಿದ್ದ ಒಣ ಕೆಸರನ್ನು ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆಯಲು ಕೂತಳು. ಅವಳು ಆ ಮಾತನ್ನು ಅಷ್ಟು ನಂಬಿದ್ದಳು.

ಮುಂದಿನ ಪಂಚಮಿಗೆ ಗಾಡಿ ಕಲ್ಲಿನ ಮೇಲೆಯೇ ಇತ್ತು. ಅದರ ಮುಂದಿನ ಪಂಚಮಿಗೆ ಸಿದ್ಧವಾಗಬೇಕೆಂದು ಇಬ್ಬರೂ ಸೇರಿ ದುಡಿದರು. ಇಬ್ಬರೂ ಎಂದು ನಾನು ಬೇಕೆಂದೇ ಬರೆಯುತ್ತಿದ್ದೇನೆ, ಏಕೆಂದರೆ ಊರಲ್ಲಿ ಇವತ್ತಿಗೂ ಅದು 'ಮಲ್ಲಪ್ಪ ಮನ್ಯಾಗ ಕಟ್ಟಿದ ಗಾಡಿ'. ಇಂಜಿನ್ನಿನ ಎರಡು ಭಾಗಗಳ ನಡುವೆ ಎಣ್ಣೆ ಸೋರದಂತೆ ಹಾಕುವ ಪ್ಯಾಕಿಂಗನ್ನು ಅವ್ವ ಕತ್ತರಿಸುತ್ತಿದ್ದಳು. ದಪ್ಪ ರಟ್ಟನ್ನು ಕಬ್ಬಿಣದ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಅಂಚಿನ ಗುಂಟ ತಟ್ಟುತ್ತ ಹೋದರೆ ರಟ್ಟು ತಾನೇ ಕಡಿದುಕೊಂಡು ಬರುತ್ತಿತ್ತು. ಒಂದು ತೂತೂ ಅತ್ತಿತ್ತ ಆಗುತ್ತಿರಲಿಲ್ಲ. ಅಪ್ಪ ಕತ್ತರಿಸಿದ್ದು ಸೋರುತ್ತಿತ್ತು. ಹಿಂಬದಿಗೆ ಹೊದಿಸುವ ತಾಡಪತ್ರಿಯನ್ನು ದಬ್ಬಳದಿಂದ ಹೊಲಿದವಳು ಅವಳು. ಸೀಟಿಗೆ ತೆಂಗಿನ ನಾರು ತುಂಬಿದವಳು ಅವಳು. ಆಯಿಯ ಹಿತ್ತಾಳೆಯ ಪರಾತದಲ್ಲಿ ಡೀಸೆಲ್ ಹಾಕಿ ನಟ್ಟು ಬೋಲ್ಟು ತೊಳೆದು, ಅದಕ್ಕಾಗಿ ಆಯಿಯಿಂದ ಬೈಸಿಕೊಂಡವಳೂ ಅವಳೇ. ಆಯಿ ಎಂದರೆ ಅಪ್ಪನ ತಾಯಿ. ಮನೆಯ ಕೀಲಿ, ಎಣ್ಣೆಯ ಡಬ್ಬಿ, ಒಳ್ಳೆಯದು ಕೆಟ್ಟದ್ದು ಎಲ್ಲ ಅವಳ ಸೊಂಟದಲ್ಲಿ ಇರುತ್ತಿತ್ತು.

"ಪರಾತ ಹಾಳ ಮಾಡಿದೆಲ್ಲ ಶಾಂತಾ! ಇದರಾಗ ನಾಳೆ ಹೋಳಿಗಿ ಹಿಟ್ಟ ಕಲಸೂದು ಹೆಂಗ?"

"ನಿಮ್ಮ ಮಗನ ಹೇಳ್ಯಾರ್ರಿ ಅತ್ತಿ."

"ಅಂವಗೇನ ತಿಳೀತೈತಿ, ಗಂಡಸು. ನಿನಗ ತಿಳೀಬಾರದೇನ?"

ಅಪ್ಪ ಆಗ ಗಾಡಿಯ ಕೆಳಗೆ ಮಲಗಿರುತ್ತಿದ್ದ. ಅತ್ತೆ ಸೊಸೆಯ ಜಗಳ ಶುರುವಾದರೆ ಅವನಿಗೆ ಗಾಡಿಯ ಕೆಳಗೇ ಹೆಚ್ಚು ಕೆಲಸ ಸಿಗುತ್ತಿತ್ತು. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು, ಅವು ಅಲುಗುತ್ತಿರಲಿಲ್ಲ. ಜಗಳ ಮುಗಿದ ಮೇಲೆ ನಟ್ಟು ತಿರುಗಿಸುವ ಪಾನಾದ ಸದ್ದು ಮತ್ತೆ ಕೇಳುತ್ತಿತ್ತು. ಆ ಎರಡು ಕಾಲುಗಳನ್ನು ನೋಡಿಯೇ ನಾನು ನನ್ನ ಅಪ್ಪನನ್ನು ಅರಿತೆ ಎನ್ನಬೇಕು.

ಎಲ್ಲಕ್ಕಿಂತ ನಾಜೂಕಿನ ಕೆಲಸ ಗಾಲಿಯ ಬೇರಿಂಗುಗಳದು. ಅಂಗೈ ಅಗಲದ ಉಕ್ಕಿನ ಬಳೆ, ಅದರೊಳಗೆ ಇನ್ನೊಂದು ಬಳೆ, ನಡುವೆ ಗುಂಡುಗಳು. ಎಕ್ಸೆಲ್ ಮೇಲೆ ಅದು ಎಷ್ಟು ಬಿಗಿಯಾಗಿ ಕೂಡಬೇಕೆಂದರೆ ತಣ್ಣಗಿರುವಾಗ ಹೋಗುವುದೇ ಇಲ್ಲ. ಬಡಿದು ಕೂಡಿಸಿದರೆ ಗುಂಡುಗಳಿಗೆ ಪೆಟ್ಟಾಗುತ್ತದೆ. ಸಿಂದಗಿಯ ಒಬ್ಬ ಮೇಸ್ತ್ರಿ ಅಪ್ಪನಿಗೆ ಉಪಾಯ ಹೇಳಿಕೊಟ್ಟಿದ್ದ: ಎಣ್ಣೆಯಲ್ಲಿ ಇಳಿಬಿಟ್ಟು ಕಾಯಿಸಬೇಕು, ಬಿಸಿಗೆ ಬಳೆ ಕೂದಲೆಳೆಯಷ್ಟು ಹಿಗ್ಗುತ್ತದೆ, ಆಗ ಒಂದೇ ಉಸಿರಿನಲ್ಲಿ ಎಕ್ಸೆಲ್ಲಿಗೆ ತೊಡಿಸಬೇಕು. ಅಪ್ಪ ಅದನ್ನು ಅಡುಗೆಮನೆಗೆ ಬಂದು ಅವ್ವನಿಗೆ ಹೇಳಿದ್ದು ನನಗೆ ನೆನಪಿದೆ, ಏಕೆಂದರೆ ಅವತ್ತು ಅವನು ಮಾಸ್ತರನ ಹಾಗೆ ಕಣ್ಣರಳಿಸಿ ಹೇಳಿದ್ದ.

"ಬೆಂಕಿಗಿ ಸೀದಾ ಇಡಬಾರದು. ಉಕ್ಕಿನ ಬಣ್ಣ ನೀಲಿ ತಿರುಗಿತಂದ್ರ ಅದರ ಗಟ್ಟಿತನ ಹೋತಂತ ತಿಳಿ. ನೋಡಾಕ ಚಂದ ಕಾಣತೈತಿ, ನವಿಲಿನ ಕುತಿಗಿ ಬಣ್ಣ. ಆದರ ಒಳಗ ಮೇಣ ಆಗಿರತೈತಿ. ಅಂಥಾದು ಹಾಕಿದರ ಹಾದ್ಯಾಗ ಕೈ ಕೊಡೂದ ಖರೆ."

"ಎಣ್ಣಿ ಎಷ್ಟ ಕಾಯಬೇಕ್ರಿ?"

"ಅದನ್ನ ಅಂವಗೂ ಹೇಳಾಕ ಬರಲಿಲ್ಲ. ಹೊಗಿ ಏಳಬಾರದು ಅಂದ, ಅಷ್ಟ."

ಅವ್ವನಿಗೆ ಅಷ್ಟು ಸಾಕಾಯಿತು. ಕರಿಗಡಬು ಕರಿಯುವ ಕಡಾಯಿಗೆ ಕುಸುಬಿ ಎಣ್ಣೆ ಹಾಕಿ, ಬೇರಿಂಗು ತಳಕ್ಕೆ ತಾಗದಂತೆ ತಂತಿಯಿಂದ ಇಳಿಬಿಟ್ಟು, ಉರಿ ಸಣ್ಣದು ಮಾಡಿ ಕೂತಳು. ಕಲಸಿದ ಜೋಳದ ಹಿಟ್ಟನ್ನು ಸಾಸಿವೆಯಷ್ಟು ಚಿವುಟಿ ಎಣ್ಣೆಗೆ ಹಾಕುತ್ತಿದ್ದಳು. ಅದು ತಳ ಹಿಡಿದು ಕೂತರೆ ಇನ್ನೂ ಕಾಯಬೇಕು, ಹಾಕಿದ ಕೂಡಲೇ ಮೇಲೆ ಜಿಗಿದು ಕೆಂಪಾದರೆ ಉರಿ ಹೆಚ್ಚಾಯಿತು, ಸಣ್ಣ ಗುಳ್ಳೆ ಬಿಡುತ್ತ ಸಾವಕಾಶ ಏಳಬೇಕು. ಹಾಗೆ ಎದ್ದಾಗ "ಬರ್ರಿ!" ಎಂದು ಒಂದು ಕೂಗು ಹಾಕುವಳು. ಅಪ್ಪ ಗೋಣಿತಟ್ಟು ಹಿಡಿದು ಓಡಿ ಬರುವನು. ಕೊಕ್ಕೆಯಿಂದ ಎತ್ತಿ ಅವನ ಕೈಗೆ ಹಾಕುವುದು, ಅವನು ಅಂಗಳಕ್ಕೆ ಓಡುವುದು, ಬೇರಿಂಗು ಸರ್ರನೆ ಹೋಗಿ ತನ್ನ ಜಾಗದಲ್ಲಿ ಕೂಡುವುದು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುವುದು. ನನ್ನ ಅಪ್ಪ ಅವ್ವ ಕೂಡಿ ನಕ್ಕದ್ದನ್ನು ನಾನು ಕಂಡಿದ್ದರೆ ಅದು ಆ ದಿನಗಳಲ್ಲಿ ಮಾತ್ರ. ಮೂರು ಗಾಲಿಗಳದು ಹೀಗೆ ಆಯಿತು. ಹಿಂದಿನ ಎಡಗಾಲಿಗೆ ಮಾತ್ರ ಸರಿಯಾದ ಅಳತೆಯದು ಸಿಗಲಿಲ್ಲ. ಸವೆದ ಹಳೆಯದನ್ನೇ ಇರಿಸಿಕೊಂಡು, ವಿಜಾಪುರದ ಅಂಗಡಿಯಲ್ಲಿ ಹೇಳಿಟ್ಟು ಬಂದರು.

ಇಂಜಿನ್ನು ಗಾಡಿಗೆ ಕೂತು, ಮೊದಲ ಸಲ ಗುಡುಗುಟ್ಟಿದ ದಿನ ಇಡೀ ಓಣಿ ನಮ್ಮ ಅಂಗಳದಲ್ಲಿತ್ತು. ಆಯಿ ಕಣ್ಣೀರು ಹಾಕಿಕೊಂಡಳು. ಮಠದ ಅಯ್ಯನವರನ್ನು ಕರೆಸಿ, ಗಾಡಿಗೆ ವಿಭೂತಿ ಹಚ್ಚಿಸಿ, ಗಾಲಿಗೆ ಕಾಯಿ ಒಡೆಸಿ, ಪೂಜೆ ಮಾಡಿಸಿದಳು. ಅದು ಮುಗಿದ ಮೇಲೆ ಅವ್ವನನ್ನು ಬದಿಗೆ ಕರೆದು ಅವಳು ಹೇಳಿದ ಮಾತು ನಮ್ಮ ಮನೆಗೆ ಹೊಸದು:

"ಇನ್ನ ಗಾಡಿ ಬರೇ ಗಾಡಿ ಅಲ್ಲ, ಲಕ್ಷ್ಮಿ. ನೀ ಕಡಿಗಿ ಕುಂತ ದಿನ ಅದನ್ನ ಮುಟ್ಟಬ್ಯಾಡ. ಅದರ ಸಾಮಾನೂ ಮುಟ್ಟಬ್ಯಾಡ, ನೀರ ಹಾಕ್ಕೊಳ್ಳೂತನಾ."

ಕಡೆಗೆ ಕೂಡುವುದೆಂದರೆ ತಿಂಗಳಿನ ಮುಟ್ಟು. ನಮ್ಮ ಮನೆಯಲ್ಲಿ ಅಲ್ಲಿಯ ತನಕ ಆ ನೇಮವನ್ನು ಯಾರೂ ಅಷ್ಟಾಗಿ ನಡೆಸಿದವರಲ್ಲ. ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಠದಲ್ಲಿ ಹೇಳಿದಾಗ ಎಲ್ಲರಿಗಿಂತ ಮುಂದೆ ಕೂತು ತಲೆಯಾಡಿಸುತ್ತಿದ್ದವಳು ಇದೇ ಆಯಿ. ಆ ದಿನಗಳಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನೀರು ತರುತ್ತಿದ್ದಳು, ಸಗಣಿ ಬಳಿಯುತ್ತಿದ್ದಳು. ಅದನ್ನೆಲ್ಲ ಬಿಡಿಸಿದರೆ ಆಯಿಯೇ ಮಾಡಬೇಕಾಗುತ್ತಿತ್ತು ನೋಡಿ, ಹಾಗಾಗಿ ಒಲೆಗೆ ಮೈಲಿಗೆ ಇರಲಿಲ್ಲ, ಗಾಡಿಗೆ ಬಂತು. ಎರಡು ವರ್ಷ ಪ್ರತಿ ತಿಂಗಳೂ ಆ ಗಾಡಿಯ ಪ್ರತಿ ತುಂಡನ್ನೂ ತೊಳೆದು ಒರೆಸಿ ಕೂಡಿಸಿದವಳು ಅವಳು. ಆಗ ಅದು ಕಬ್ಬಿಣ, ಈಗ ಲಕ್ಷ್ಮಿ. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಓಣಿಯವರಿಗೆ ಇಂಜಿನ್ನಿನ ಬಲವನ್ನು ವಿವರಿಸುತ್ತಿದ್ದ.

ನಾಲ್ಕನೆಯ ಬೇರಿಂಗು ಬಂದದ್ದು ಪಂಚಮಿ ಮುಂದೆ ನಿಂತಾಗ. ಉಂಡಿ ಕಟ್ಟುವುದಕ್ಕೆ ಶೇಂಗಾ ಹುರಿದಿಟ್ಟಿತ್ತು, ಎಳ್ಳು ಕೇರಿಟ್ಟಿತ್ತು. ಅವ್ವ ಹೊರಗೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಆಗ ಅವಳ ದಿನಗಳು. ಅಪ್ಪ ವಿಜಾಪುರದಿಂದ ಬಂದವನೇ ಎಣ್ಣೆ ಕೇಳಿದ. ಆಯಿ ಡಬ್ಬಿಯ ಮುಂದೆ ನಿಂತುಬಿಟ್ಟಳು.

"ಹಬ್ಬದ ಎಣ್ಣಿ ಇದು. ಇದರಾಗ ಕಬ್ಬಣ ಕುದಿಸಿ, ಮತ್ತ ಇದರಾಗ ದೇವರಿಗಿ ಕಡಬ ಕರೀಲೇನ?"

"ಹಂಗಾದ್ರ ಹಳೀ ಎಣ್ಣಿ ಕೊಡು."

"ಹಳೀದು ಎಲ್ಲೈತಿ? ಐತಂತನ ಇಟ್ಕೋ, ಕಾಯಿಸಾವ್ರ ಯಾರು? ಅಕಿ ಕಡಿಗಿ ಕುಂತಾಳ."

ಅವ್ವ ಕಟ್ಟೆಯಿಂದಲೇ ಹೇಳಿದಳು:

"ನಾ ಮುಟ್ಟೂದಿಲ್ರಿ ಅತ್ತಿ. ಇಲ್ಲಿಂದನ ನೋಡಿ ಹೇಳ್ತೇನಿ. ಕಸ್ತೂರಿ ಹಿಟ್ಟ ಹಾಕ್ತಾಳ."

"ನಿನ್ನ ನೆದರೂ ಬ್ಯಾಡವಾ ಅದರ ಮ್ಯಾಲ."

ಕಸ್ತೂರಿ ಎಂದರೆ ನಾನು. ಆಗಲೇ ಹಿಟ್ಟಿನ ಚೂರು ಬೆರಳಲ್ಲಿ ಹಿಡಿದು ನಿಂತಿದ್ದೆ. ಅಪ್ಪ ಇಬ್ಬರನ್ನೂ ನೋಡಿದ. ಒಂದು ಮಾತು ಅವನು ಹೇಳಬಹುದಿತ್ತು: ಇದು ಅಕಿಯ ಕೆಲಸ, ಅಕಿಯೇ ಮಾಡಲಿ. ಅಥವಾ ಎರಡು ದಿನ ತಡೆಯಬಹುದಿತ್ತು. ಅವನು ಎರಡನ್ನೂ ಮಾಡಲಿಲ್ಲ. "ಇದೊಂದಕ್ಕ ಏನಾಗತೈತಿ ಬಿಡು" ಎಂದು ನೀರೊಲೆಯ ಕೆಂಡವನ್ನು ಕೆದರಿ, ಹೊಸ ಬೇರಿಂಗನ್ನು ಇಕ್ಕಳದಿಂದ ಹಿಡಿದು ಸೀದಾ ಕೆಂಡದ ಮೇಲಿಟ್ಟ. ನಾನು ಬಗ್ಗಿ ನೋಡುತ್ತಿದ್ದೆ. ಬೆಳ್ಳಗಿದ್ದ ಉಕ್ಕು ಮೊದಲು ಹುಲ್ಲಿನ ಬಣ್ಣಕ್ಕೆ ಬಂತು, ಆಮೇಲೆ ಕಂದು, ಆಮೇಲೆ ಅಂಚಿನಿಂದ ನೀಲಿ ಹರಿದು ಬಂದು ಪೂರಾ ಬಳೆಯನ್ನು ತುಂಬಿತು. ನಿಜಕ್ಕೂ ನವಿಲಿನ ಕತ್ತಿನ ಬಣ್ಣವೇ. ಅಪ್ಪ ಅದನ್ನು ಎತ್ತಿಕೊಂಡು ಅಂಗಳಕ್ಕೆ ಬರುವಾಗ ಕಟ್ಟೆಯ ಮುಂದೆಯೇ ಹಾದುಹೋಗಬೇಕಿತ್ತು. ಅವ್ವ ಮೊರವನ್ನು ಬಿಟ್ಟು ಎದ್ದು ನಿಂತಳು.

"ರೀ, ನೀಲಿ ತಿರುಗೇತಿ ಅದು! ಹಾಕಬ್ಯಾಡ್ರಿ!"

ಅಪ್ಪ ನಿಲ್ಲಲಿಲ್ಲ. ಎಕ್ಸೆಲ್ಲಿಗೆ ತೊಡಿಸಿದ. ಅದು ಹಿಂದಿನ ಮೂರಕ್ಕಿಂತಲೂ ಸಲೀಸಾಗಿ ಹೋಗಿ ಕೂತಿತು. ಅವನು ಕೈ ಒರೆಸಿಕೊಂಡು ಹೆಮ್ಮೆಯಿಂದ ಹೇಳಿದ:

"ನೋಡ, ಹೆಂಗ ಹೋಗಿ ಕುಂತಿತು! ಸುಮ್ನ ಎಣ್ಣಿ ಹಾಳ ಮಾಡಿದ್ವಿ ಇಷ್ಟ ದಿನ."

ಅವ್ವ ಮತ್ತೆ ಕೂತು ಅಕ್ಕಿ ಆರಿಸತೊಡಗಿದಳು. ಕಲ್ಲಿನ ಜೊತೆ ಅಕ್ಕಿಯನ್ನೂ ಎಸೆಯುತ್ತಿದ್ದಳು.

ಹಬ್ಬದ ಹಿಂದಿನ ದಿನ ಅವಳು ತಲೆಗೆ ನೀರು ಹಾಕಿಕೊಂಡಳು. ಬೆಳಗಾಗುವುದರೊಳಗೆ ಉಂಡಿಗಳ ಡಬ್ಬಿ ತುಂಬಿ, ಇಳಕಲ್ ಸೀರೆ ಉಟ್ಟು, ನನಗೂ ಸಿದ್ದುವಿಗೂ ಎಣ್ಣೆ ಹಚ್ಚಿ ತಲೆ ಬಾಚಿ ಸಿದ್ಧಳಾಗಿದ್ದಳು. ಮುಂದೆ ಅಪ್ಪನ ಪಕ್ಕ ಆಯಿ ಕೂತಳು. ಅವ್ವ ನಮ್ಮಿಬ್ಬರ ಜೊತೆ ಹಿಂದೆ, ತಾನೇ ಹೊಲಿದ ತಾಡಪತ್ರಿಯ ಕೆಳಗೆ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ತವರಿಗೆ ಹೋಗುವವಳು ಅವಳು, ಮುಂದೆ ಕೂತವಳು ಆಯಿ. ಆದರೂ ಅವಳು ಅವತ್ತು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಎನಿಸುತ್ತದೆ. ಡಾಂಬರು ಮುಗಿದು ಗಾಡಿ ಯರೆಗೆ ಇಳಿಯಿತು. ಸುತ್ತ ನೀರು ನಿಂತ ಕರಿ ಹೊಲಗಳು. ಗಾಲಿಗಳು ಕೆಸರನ್ನು ಎರಡೂ ಕಡೆ ಎರಚುತ್ತ, ಗಾಡಿ ಓಲಾಡುತ್ತ, ಗುರುಗುಟ್ಟುತ್ತ, ಎಲ್ಲೂ ಸಿಗಿಬೀಳದೆ ಮುಂದೆ ಹೋಯಿತು. ಸಿದ್ದು ಚೀರಾಡುತ್ತಿದ್ದ. ಅವ್ವ ತಾಡಪತ್ರಿಯ ಸಂದಿನಿಂದ ಮುಖ ಹೊರಗೆ ಹಾಕಿ, ಮಳೆಯ ಹನಿ ಮುಖಕ್ಕೆ ಬಡಿಸಿಕೊಳ್ಳುತ್ತ, ಬಾಯ್ತುಂಬ ನಗುತ್ತಿದ್ದಳು. ಅಪ್ಪನ ಮೇಲೆ ನನಗಿರುವ ಸಿಟ್ಟನ್ನೆಲ್ಲ ಒಂದು ಕಡೆ ಇಟ್ಟು ಹೇಳುತ್ತೇನೆ, ಆ ನಗು ಅವನು ಕೊಟ್ಟದ್ದೇ. ಅದನ್ನು ಕಸಿದುಕೊಂಡವನೂ ಅವನೇ.

ಡೋಣಿ ಇನ್ನೇನು ಬಂತು ಎನ್ನುವಾಗ ಎಡಗಾಲಿಯಿಂದ ಕರಕರ ಸದ್ದು ಶುರುವಾಯಿತು. ಮೊದಲು ಅವ್ವನಿಗೆ ಕೇಳಿಸಿತು. ಅವಳು ಮುಂದಿನ ತಗಡನ್ನು ಅಂಗೈಯಿಂದ ಬಡಿದಳು.

"ನಿಂದರಸ್ರೀ! ಎಡಗಾಲಿ ಒದರಾಕತ್ತೇತಿ, ನಿಂದರಸ್ರೀ!"

ಒಳಗಿನಿಂದ ಆಯಿಯ ದನಿ ಬಂತು:

"ಹೊಂಟಾಗ ಹಿಂದಿನಿಂದ ಒದರಬ್ಯಾಡಲೇ!"

ಗಾಡಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಏನೋ ಮುರಿದ ಸದ್ದಾಯಿತು, ನಾವು ಮೂವರೂ ಒಂದೇ ಮೂಲೆಗೆ ಉರುಳಿದೆವು. ಎಡಗಾಲಿ ಎಕ್ಸೆಲ್ಲನ್ನೂ ಎಳೆದುಕೊಂಡು ಹೊರಗೆ ವಾಲಿತ್ತು. ಗಾಡಿ ಹೊಟ್ಟೆಯ ತನಕ ಕೆಸರಿನಲ್ಲಿ ಕೂತಿತ್ತು. ಇಳಿದು ನಿಂತರೆ ಹೊಳೆಯ ಆಚೆ ಅವ್ವನ ತವರಿನ ಆಲದ ಮರ ಕಾಣುತ್ತಿತ್ತು, ಅದಕ್ಕೆ ಕಟ್ಟಿದ ಜೋಕಾಲಿಯೂ ಕಾಣುತ್ತಿತ್ತು, ಅದರ ಮೇಲೆ ಯಾರೋ ತೂಗುತ್ತಿದ್ದರು. ಸದ್ದು ಕೇಳಿ ಹತ್ತಿರದ ಹೊಲದಲ್ಲಿ ವಸ್ತಿ ಇದ್ದ ಒಬ್ಬಿಬ್ಬರು ಎತ್ತು ಹೊಡೆದುಕೊಂಡು ಬಂದರು. ಅವರ ಮುಂದೆಯೇ ಆಯಿ ಬಾಯಿ ತೆಗೆದಳು.

"ನಾ ಬಡಕೊಂಡೆ. ನೀರ ಹಾಕ್ಕೊಳ್ಳೂಕಿಂತ ಮೊದಲ ಇಕಿ ಗಾಡಿ ಮುಟ್ಟ್ಯಾಳ. ಇಲ್ಲಂದ್ರ ಪೂಜಿ ಮಾಡಿದ ಗಾಡಿ ಹಿಂಗ ಯಾಕ ಆಗತೈತಿ?"

ಬಂದವರು ಅವ್ವನನ್ನು ನೋಡಿದರು. ಅವಳು ಮೊಣಕಾಲ ತನಕ ಕೆಸರಿನಲ್ಲಿ ನಿಂತು ಅಪ್ಪನನ್ನೇ ಕೇಳಿದಳು:

"ನೀವ ಹೇಳ್ರಿ. ಹಾಕೂ ಮೊದಲ ಅದರ ಬಣ್ಣ ಏನಿತ್ತು, ಹೇಳ್ರಿ."

ಅಪ್ಪ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಒಡೆದ ಬೇರಿಂಗು ಅವನ ಕಣ್ಣ ಮುಂದೆಯೇ ಇತ್ತು. ನನಗೆ ತಡೆಯಲಾಗಲಿಲ್ಲ.

"ನಾನೂ ನೋಡೇನಿ ಅಪ್ಪಾ, ನೀಲಿ ಆಗಿತ್ತು" ಎಂದೆ. ಆಯಿ ನನ್ನ ತಲೆಗೆ ಮೊಟಕಿ, "ದೊಡ್ಡವರ ನಡುವ ಬಾಯಿ ಹಾಕಬ್ಯಾಡ" ಎಂದಳು.

ಅಪ್ಪ ಎದ್ದ. ಎಲ್ಲರೂ ಅವನ ಮಾತಿಗೆ ಕಾಯುತ್ತಿದ್ದರು. ಅವನು ಎತ್ತಿನವರ ಮುಖ ನೋಡಿದ, ತಾಯಿಯ ಮುಖ ನೋಡಿದ, ಕೊನೆಗೆ ಅವ್ವನ ಕಡೆ ತಿರುಗಿ ಕೇಳಿದ:

"ಮುಟ್ಟಿದ್ದೇನ?"

ಈ ಒಂದು ಪ್ರಶ್ನೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬೈದಿದ್ದರೆ ಮರೆಯುತ್ತಿದ್ದೆ, ಹೊಡೆದಿದ್ದರೂ ಮರೆಯುತ್ತಿದ್ದೆನೋ ಏನೋ. ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೇಳಿದನಲ್ಲ, ಅದನ್ನು ಮಾತ್ರ ಹೇಗೆ ಮರೆಯಲಿ? ಅವ್ವ ಅವನನ್ನು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಹೇಳಿದಳು:

"ಮುಟ್ಟಿದ್ದೆ. ಎಲ್ಲಾನೂ ಮುಟ್ಟಿದ್ದೆ. ಇಂಜಿನ್ನ ಮುಟ್ಟಿದ್ದೆ, ಗೇರ ಮುಟ್ಟಿದ್ದೆ, ಮೂರ ಗಾಲಿ ಮುಟ್ಟಿದ್ದೆ. ಎರಡ ವರ್ಷ ಮುಟ್ಟೇನಿ. ನಾ ಮುಟ್ಟದ ಇದ್ದದ್ದು ಈ ಗಾಡ್ಯಾಗ ಇದೊಂದ ಬೇರಿಂಗ. ಅದ ಹೋತು ನೋಡ್ರಿ."

ಅವ್ವ ಉಂಡಿಯ ಡಬ್ಬಿಯ ಮುಚ್ಚಳ ತೆಗೆದು, ಎತ್ತು ತಂದವರ ಕೈಗೆ ಒಂದೊಂದು ಹಿಡಿ ಉಂಡಿ ಹಾಕಿದಳು.

"ತಿನ್ರಿ ಯಣ್ಣಾ. ಹಬ್ಬದ ದಿನ ತ್ರಾಸ ತಗೊಂಡ ಬಂದೀರಿ."

ಆಮೇಲೆ ನಮ್ಮಿಬ್ಬರ ಕೈ ಹಿಡಿದು, ಆಲದ ಮರಕ್ಕೆ ಬೆನ್ನು ಹಾಕಿ, ಬಂದ ದಾರಿಯಲ್ಲೇ ನಡೆಯುತ್ತ ಹೊರಟಳು. ಇಳಕಲ್ ಸೀರೆಯ ಸೆರಗು ಕೆಸರಿನಲ್ಲಿ ಎಳೆಯುತ್ತಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ಊರು ಆ ಮಾತಿನಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಹೊತ್ತುಕೊಂಡು ಹೋಯಿತು. ಮಲ್ಲಪ್ಪನ ಹೆಂಡತಿ ತಾನೇ ಒಪ್ಪಿಕೊಂಡಳಂತೆ, ಮುಟ್ಟಿದ್ದೆ ಅಂದಳಂತೆ. ಉಳಿದದ್ದು ಕೆಸರಿನಲ್ಲೇ ಉಳಿಯಿತು. ಅಪ್ಪ ಗಾಡಿಯನ್ನು ಎಳೆಸಿಕೊಂಡು ಬಂದು ಮತ್ತೆ ಕಲ್ಲಿನ ಮೇಲೆ ಕೂಡಿಸಿದ. ಒಡೆದ ಬೇರಿಂಗನ್ನು ಬಿಚ್ಚಿ ತಿಪ್ಪೆಗೆ ಎಸೆದ. ಒಳಬಳೆ ಸೀಳಿತ್ತು, ಗುಂಡುಗಳು ಚೆಲ್ಲಾಪಿಲ್ಲಿಯಾಗಿದ್ದವು, ಹೊರಗಿನ ಬಳೆ ಮಾತ್ರ ಇಡಿಯಾಗಿ ಉಳಿದಿತ್ತು. ಅವ್ವ ತಿಪ್ಪೆಗೆ ಹೋಗಿ ಆ ಬಳೆಯನ್ನು ಆರಿಸಿ ತಂದಳು. ಕುಡಿಯುವ ನೀರಿನ ತಾಮ್ರದ ಕೊಡ ಉರುಳದ ಹಾಗೆ ಅದನ್ನು ಸಿಂಬಿ ಮಾಡಿ ಕೆಳಗೆ ಇಟ್ಟಳು. ಗಾಡಿಯನ್ನು ಅವಳು ಮತ್ತೆ ಮುಟ್ಟಲಿಲ್ಲ, ತಿಂಗಳಿನ ಯಾವ ದಿನವೂ. ಅಪ್ಪ ತಾನೇ ಪ್ಯಾಕಿಂಗು ಕತ್ತರಿಸಿದ, ಸೋರಿತು. ತಾನೇ ಬೇರಿಂಗು ಬಡಿದು ಕೂಡಿಸಿದ, ಕೂಗಿತು. ಕೊನೆಗೆ ಅದರ ಸೀಟಿನಲ್ಲಿ ಓಣಿಯ ಕೋಳಿಗಳು ಮೊಟ್ಟೆಯಿಡತೊಡಗಿದವು, ಒಂದು ದಿನ ಗುಜರಿಯವರು ಬಂದು ಎತ್ತಿಕೊಂಡು ಹೋದರು. ಎತ್ತುಗಳು ಒಳಗೆ ಬಂದವು. ಬಂದ ನೆಂಟರಿಗೆಲ್ಲ ಅಪ್ಪ ಗಾಡಿಯ ಕತೆ ಹೇಳುತ್ತಿದ್ದ, ಕತೆಯ ಕೊನೆಗೆ, "ಹೆಣ್ಣಮಕ್ಕಳ ಕಾಟ ನೋಡ್ರಿ, ಏನ ಮಾಡೂದು" ಎಂದು ನಗುತ್ತಿದ್ದ. ಅವ್ವ ಆ ನೆಂಟರಿಗೆ ಕೊಡದಿಂದಲೇ ನೀರು ಬಗ್ಗಿಸಿ ತಂದುಕೊಡುತ್ತಿದ್ದಳು.

ಮನೆಯ ಪ್ರತಿ ಪಾತ್ರೆಯನ್ನೂ ಬೂದಿ ಹಚ್ಚಿ ಕನ್ನಡಿಯಂತೆ ತಿಕ್ಕುವವಳು ನಮ್ಮವ್ವ. ಆ ಬಳೆಯನ್ನು ಮಾತ್ರ ಎಂದೂ ತಿಕ್ಕಲಿಲ್ಲ. ತುಕ್ಕು ಹಿಡಿಯದ ಹಾಗೆ ಸೋಮವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಿಂದ ಮೆಲ್ಲಗೆ ಒರೆಸಿ, ಮತ್ತೆ ಕೊಡದ ಕೆಳಗೆ ಇಡುತ್ತಿದ್ದಳು. ನೀಲಿ ಹಾಗೇ ಇತ್ತು. ಗಾಡಿ ಓಡಿ ಕಾದಾಗ ಬಂದ ಬಣ್ಣ ಅದು ಎಂದು ಯಾರಾದರೂ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಅದು ಯಾವಾಗ ಬಂದ ಬಣ್ಣವೆಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಕೊಡ ಎತ್ತಿ ನೀರು ಕುಡಿಯುವುದನ್ನು ಬಿಟ್ಟುಬಿಟ್ಟ. ಬಾಯಾರಿದರೆ ಕೂತಲ್ಲಿಂದಲೇ ಕೇಳುತ್ತಿದ್ದ. ನಾನು ಓದಿ, ಮಾಸ್ತರಿಣಿಯಾಗಿ, ಮುದ್ದೇಬಿಹಾಳದ ಕಡೆ ಸಾಲೆಗೆ ಸೇರಿದೆ. ತರಗತಿಯಲ್ಲಿ ಜಗಳ ಬಂದಾಗ ನಾನು ಮೊದಲು ಕೇಳುವುದು ಎಲ್ಲರಿಗಿಂತ ಹಿಂದೆ ನಿಂತ ಹುಡುಗಿಯನ್ನು. ಜೊತೆಗಿನ ಮಾಸ್ತರರು ಇದನ್ನು ನನ್ನ ಹಟ ಎನ್ನುತ್ತಾರೆ. 'ಅದರಾಗೇನೈತಿ ಬಿಡ್ರಿ' ಎಂದು ಅವರಲ್ಲಿ ಯಾರಾದರೂ ಅಂದರೆ ನನ್ನ ಮೈ ಉರಿದು ಹೋಗುತ್ತದೆ.

ಆಯಿ ತೀರಿಕೊಂಡಳು. ಡೋಣಿಗೆ ಸೇತುವೆಯಾಯಿತು, ಯರೆಯ ಮೇಲೆ ಡಾಂಬರು ಬಿತ್ತು, ಅವ್ವ ಬಸ್ಸು ಹತ್ತಿ ಒಬ್ಬಳೇ ಪಂಚಮಿಗೆ ಹೋಗಿ ಬರತೊಡಗಿದಳು. ಸಿದ್ದುವಿನ ಮದುವೆಯಾಗಿ ರೇಣುಕಾ ಸೊಸೆಯಾಗಿ ಬಂದಳು. ಆ ವರ್ಷ ದಸರೆಯ ಮುಂದೆ ನಾನು ಊರಲ್ಲಿದ್ದೆ. ಅತ್ತೆಯ ಮೆಚ್ಚುಗೆ ಗಳಿಸಬೇಕೆಂದು ಆ ಹುಡುಗಿ ಬೆಳಿಗ್ಗೆಯೇ ಎದ್ದು ಮನೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಹಾಕಿಕೊಂಡು, ಹುಣಸೆಹುಳಿ ಬೂದಿ ಹಚ್ಚಿ ತಿಕ್ಕಿದಳು. ನಾನು ಹೊರಗೆ ಬರುವುದರೊಳಗೆ ಕೆಲಸ ಮುಗಿದಿತ್ತು. ಆ ಬಳೆಯೂ ಬೆಳ್ಳಗೆ, ಆಗಷ್ಟೇ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿತ್ತು.

"ಎಷ್ಟ ಕಪ್ಪ ಹಿಡದಿತ್ರಿ ಅತ್ತಿ, ತಿಕ್ಕಿ ತಿಕ್ಕಿ ಕೈ ಸೋತ್ವು ನೋಡ್ರಿ" ಎಂದು ಅವಳು ನಗುತ್ತ ಅದನ್ನು ಅವ್ವನ ಕೈಗೆ ಕೊಟ್ಟಳು.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಇಣುಕಿ ನೋಡಿದ. ಎಷ್ಟೋ ವರ್ಷದ ಮೇಲೆ ಅವನ ಮುಖ ಸಡಿಲಾದದ್ದನ್ನು ನಾನು ಕಂಡೆ.

"ಛಲೋ ಮಾಡಿದಿ ಬಿಡವಾ. ಹೊಸಾದ ಆತು."

ಅವ್ವ ಬಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ನೀರೊಲೆಯ ಹತ್ತಿರ ಹೋಗಿ ಕೂತು, ಕೆಂಡ ಕೆದರಿ, ಬಳೆಯನ್ನು ಇಕ್ಕಳದಿಂದ ಹಿಡಿದು ಸೀದಾ ಅದರ ಮೇಲಿಟ್ಟಳು. ನಾನು ಹೋಗಿ ಅವಳ ಪಕ್ಕ ಕೂತೆ. ಹುಲ್ಲಿನ ಬಣ್ಣ ಬಂತು, ಕಂದು ಬಂತು, ಆಮೇಲೆ ಅಂಚಿನಿಂದ ನೀಲಿ ಹರಿಯತೊಡಗಿತು. ಪೂರಾ ತುಂಬಿದ ಮೇಲೆ ಅವಳು ಅದನ್ನು ಎತ್ತಿ, ಅಪ್ಪ ಕೂತಿದ್ದ ಕಟ್ಟೆಯ ಮೇಲೆ, ಅವನ ಮೊಣಕಾಲಿನ ಪಕ್ಕ ಆರಲಿಕ್ಕೆ ಇಟ್ಟಳು. ರೇಣುಕಾ ಹೆದರಿದ್ದಳು. ತಾನೇನೋ ತಪ್ಪು ಮಾಡಿದೆನೆಂದು ಅವಳಿಗೆ ಅಷ್ಟು ಮಾತ್ರ ಗೊತ್ತಾಗಿತ್ತು.

"ಯಾಕ್ರಿ ಅತ್ತಿ? ಮತ್ತ ಯಾಕ ಕೆಡಿಸಿದ್ರಿ ಅದನ್ನ?"

"ನಿಮ್ಮ ಮಾವಾರನ್ನ ಕೇಳವಾ."

ಹುಡುಗಿ ಅಪ್ಪನ ಕಡೆ ತಿರುಗಿದಳು. ಅಪ್ಪ ಬಳೆಯನ್ನೇ ನೋಡುತ್ತಿದ್ದ. ಅಡಗಿಕೊಳ್ಳಲು ಈಗ ಗಾಡಿ ಇರಲಿಲ್ಲ. ಸೊಸೆಗೆ ಹೇಳುವವನ ಹಾಗೆ, ಕೆಳದನಿಯಲ್ಲಿ ಹೇಳಿದ:

"ಗಾಲಿಗಿ ಹಾಕೂ ಮೊದಲ ಹಂಗ ನೀಲಿ ಇತ್ತವಾ ಅದು."

ರೇಣುಕಾಗೆ ಏನೂ ತಿಳಿಯಲಿಲ್ಲ. ಈ ಮಾತನ್ನು ಕೇಳಬೇಕಾಗಿದ್ದ ಆಯಿ ಮಣ್ಣಿನಲ್ಲಿದ್ದಳು, ಎತ್ತಿನವರು ಎಲ್ಲಿದ್ದರೋ, ಊರಿಗೆ ಅದು ಬೇಕಾಗಿಯೂ ಇರಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು, ಸಿಟ್ಟು ಬಂತು. ಒಂದು ಉಸಿರಿನಲ್ಲಿ ಮುಗಿಯುವ ಮಾತು, ಅದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಅವನು ಊಟ ಮಾಡಿದ್ದ. ಅವ್ವನ ಮುಖ ನೋಡಿದೆ. ಅವಳು ಬಟ್ಟೆ ತಂದು, ಆರಿದ ಬಳೆಗೆ ಕೊಬ್ಬರಿ ಎಣ್ಣೆ ಸವರಿ, ಒಳಗೆ ತೆಗೆದುಕೊಂಡು ಹೋಗಿ ಅದರ ಜಾಗದಲ್ಲಿ ಇಟ್ಟು, ಮೇಲೆ ಕೊಡ ಕೂಡಿಸಿದಳು.

"ರೇಣುಕಾ, ನೀರ ತಳಕ್ಕ ಹತ್ಯಾವ, ಕೊಡ ತುಂಬವಾ" ಎಂದಳು. "ನಿಮ್ಮ ಮಾವಾರಿಗಿ ಒಂದ ವಾಟಗಾ ನೀರ ಕೊಡು. ಗಂಟಲ ಒಣಗಿರತೈತಿ."